ಅರ್ಕಾವತಿಯನ್ನು ಓದಿದವರು

ಬೆಂಗಳೂರಿನಿಂದ ವಾಯವ್ಯಕ್ಕೆ ಹೆಸರಘಟ್ಟದ ಕಡೆ ಹೋಗುವ ಮಾರ್ಗದಲ್ಲಿ, ದಾಸರಹಳ್ಳಿಯನ್ನು ದಾಟಿದ ಬಳಿಕ ಬಾಗಲಗುಂಟೆಯೆಂಬ ಊರು ಸಿಕ್ಕುವುದು. ಪೀಣ್ಯದ ಕೈಗಾರಿಕಾ ಪ್ರದೇಶದ ನೆರೆಯಲ್ಲಿರುವುದರಿಂದ ಈಗ ಅದು ಕಾರ್ಖಾನೆಯ ಕೆಲಸಗಾರರ ವಠಾರಗಳಿಂದಲೂ ಒತ್ತಾಗಿ ಎದ್ದಿರುವ ಮನೆಗಳಿಂದಲೂ ತುಂಬಿದ ಬಡಾವಣೆಯಾಗಿದೆ. ೨೦೦೭ರಲ್ಲಿ ದಾಸರಹಳ್ಳಿಯ ಸೀಮೆಯು ಮಹಾನಗರದ ಎಲ್ಲೆಯೊಳಕ್ಕೆ ಸೇರಿದ ಮೇಲಂತೂ ಹಳ್ಳಿಯ ಚಿಹ್ನೆಗಳು ಬಹುಮಟ್ಟಿಗೆ ಅಳಿಸಿಹೋದುವು. ಆದರೆ ಊರಿನ ಹೆಸರು ಮಾತ್ರ ತನ್ನ ಪೂರ್ವವೃತ್ತಾಂತವನ್ನು ಮರೆತಿಲ್ಲ. ಇದನ್ನು ಕೆಲವರು ಬಾಗಲಕುಂಟೆಯೆಂತಲೂ ಬರೆಯುವುದುಂಟು. ಉತ್ತರಪದದ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿರುವುದನ್ನು ವ್ಯಾಕರಣದ ಮೊದಲ ಪಾಠಗಳನ್ನು ಓದಿದ ಬಾಲಕರೂ ಹೇಳಬಲ್ಲರು. ಕುಂಟೆಯೆಂದರೆ ಕೆರೆಗಿಂತ ಕಿರಿದಾದ ನೀರಿನ ತಾಣ. ಮಳೆಯ ನೀರು ತಗ್ಗಿನಲ್ಲಿ ನಿಂತು, ದನಕರುಗಳ ದಾಹವನ್ನು ತೀರಿಸಿ, ನೆರೆಯ ಬಾವಿಗಳ ಸೆಲೆಯನ್ನು ಕಾಯುವ ಸಣ್ಣ ಜಲಾಶಯ.

ನದಿಯ ಚರಿತ್ರೆಯನ್ನು ಹೇಳಹೊರಟು ಕುಂಟೆಯಿಂದ ಆರಂಭಿಸುವುದು ಅಸಂಗತವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಬೆಂಗಳೂರಿಗೆ ದೊಡ್ಡ ನದಿಯೊಂದು ಇಲ್ಲ. ನಗರವು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರುಗಳ ಎತ್ತರದ ದಿಣ್ಣೆಯ ಮೇಲೆ ಕುಳಿತಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆಯು ಅರ್ಕಾವತಿಯನ್ನು ಸೇರಿ ಕಾವೇರಿಗೂ, ಪೂರ್ವಕ್ಕೆ ಬಿದ್ದ ಮಳೆಯು ದಕ್ಷಿಣ ಪಿನಾಕಿನಿಗೂ ಹೋಗುವುದು. ಇಂತಹ ಸೀಮೆಯಲ್ಲಿ ನದಿಯೆಂಬುದು ಕುಂಟೆ, ಕಟ್ಟೆ, ಕೆರೆ, ಕಾಲುವೆಗಳ ಮೊತ್ತವೇ ಹೊರತು ಅವುಗಳಿಂದ ಬೇರೆಯಾದ ವಸ್ತುವಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟವನ್ನು ಹಾದು, ತಿಪ್ಪಗೊಂಡನಹಳ್ಳಿಯಲ್ಲಿ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಂಡು, ಮುಂದೆ ವೃಷಭಾವತಿ ಸುವರ್ಣಮುಖಿಗಳನ್ನೂ ಸೇರಿಸಿಕೊಂಡು ಕನಕಪುರ ಸೀಮೆಯ ಸಂಗಮದಲ್ಲಿ ಕಾವೇರಿಗೆ ಬೀಳುವ ಈ ಅರ್ಕಾವತಿಯು ಒಂದು ಶತಮಾನದೊಳಗೆ ತುಂಬಿ ಹರಿಯುತ್ತಿದ್ದ ಸ್ಥಿತಿಯಿಂದ ಒಣಗಿದ ಪಾತ್ರದ ಸ್ಥಿತಿಗೆ ಬಂದುದು ಹೇಗೆಂಬುದೂ, ಅದನ್ನು ಯಾರು ಯಾರು ಯಾವ ದೃಷ್ಟಿಯಿಂದ ಅಭ್ಯಾಸಮಾಡಿದರೆಂಬುದೂ ಮುಂದೆ ನಿರೂಪಿತವಾಗಿವೆ.

ನೀರುಗಂಟಿಯ ವಿದ್ಯೆ

ನೀರನ್ನು ಕುರಿತ ಶಾಸ್ತ್ರವು ಈ ದೇಶಕ್ಕೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಪ್ರಕರಣವನ್ನೇ ಬರೆದು, ನೆಲದೊಳಗಿನ ನೀರು ಶಿರೆಗಳಲ್ಲಿ ಹರಿಯುವುದೆಂದೂ ಗಿಡಮರಗಳ ಮತ್ತು ಹುತ್ತಗಳ ಗುರುತಿನಿಂದ ಅದನ್ನು ತಿಳಿಯಬಹುದೆಂದೂ ವಿವರಿಸಿದ್ದಾನೆ. ಕೌಟಲ್ಯನು ಹೊಸ ಕೆರೆಯನ್ನು ಕಟ್ಟಿಸಿದವನಿಗೆ ಐದು ವರ್ಷವೂ, ಹಾಳಾದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷವೂ ಕರವನ್ನು ಬಿಡಬೇಕೆಂದು ವಿಧಿಸಿದ್ದಾನೆ. ಸಪ್ತಸಂತಾನಗಳಲ್ಲಿ ತಟಾಕವೂ ಒಂದೆಂಬ ನಂಬಿಕೆಯಿಂದ ಕನ್ನಡ ನಾಡಿನ ಅರಸರೂ ಗೌಡರೂ ಸ್ತ್ರೀಯರೂ ಕೆರೆಗಳನ್ನು ಕಟ್ಟಿಸಿದರು. ಅಷ್ಟಕ್ಕೇ ನಿಲ್ಲದೆ, ಕೆರೆಯ ಮುಂದಿನ ಪೋಷಣೆಗಾಗಿ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇದ್ದಿತು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಶಬ್ದಗಳು ಇಂತಹ ದತ್ತಿಗಳನ್ನೇ ಸೂಚಿಸುವುವು. ಕಟ್ಟುವುದು ಒಂದು ಪುಣ್ಯ, ಕಾಯುವುದು ಮತ್ತೊಂದು ಪುಣ್ಯ ಎಂಬ ವಿವೇಕವು ಇದರಲ್ಲಿ ಸ್ಪಷ್ಟವಾಗಿದೆ.

ಈ ಕಾಯುವ ಕೆಲಸವನ್ನು ಪ್ರತ್ಯಕ್ಷವಾಗಿ ನಡೆಸುತ್ತಿದ್ದವನು ನೀರುಗಂಟಿ. ಮೈಸೂರು ಸೀಮೆಯ ಗ್ರಾಮಗಳ ಆಯಗಾರರಲ್ಲಿ ಅವನೂ ಒಬ್ಬನು. ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಏರಿಯಲ್ಲಿ ಎಲ್ಲಿ ಇಲಿ ಹೆಗ್ಗಣಗಳು ತೂತು ಕೊರೆದಿವೆ, ಮೇಲಿನ ಕೆರೆಯ ಕೋಡಿ ಬಿದ್ದ ಎಷ್ಟು ದಿನಕ್ಕೆ ಕೆಳಗಿನ ಕೆರೆಗೆ ನೀರು ಬರುವುದು ಎಂಬುದೆಲ್ಲವೂ ಅವನಿಗೆ ತಿಳಿದಿದ್ದಿತು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಆಯವು ಸಲ್ಲುತ್ತಿದ್ದಿತು. ಅವನ ವಿದ್ಯೆಯು ಗ್ರಂಥಸ್ಥವಾಗಿರಲಿಲ್ಲ. ತಂದೆಯಿಂದ ಮಗನಿಗೆ ಬಾಯಿಂದ ಬಾಯಿಗೆ ಬರುತ್ತಿದ್ದಿತು. ಗ್ರಾಮದ ನಡುವೆ ವಿವಾದಗಳಿರಲಿಲ್ಲವೆಂದಾಗಲಿ, ಎಲ್ಲ ಜಾತಿಯವರಿಗೂ ನೀರು ಸಮನಾಗಿ ದೊರೆಯುತ್ತಿದ್ದಿತೆಂದಾಗಲಿ ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಆದರೂ ಒಂದು ಮಾತನ್ನು ಒಪ್ಪಬೇಕು: ನೀರನ್ನು ತಿಳಿದುಕೊಂಡಿರುವುದೇ ಒಬ್ಬನ ಅಧಿಕಾರವಾಗಿದ್ದಿತು, ಮತ್ತು ಅವನು ನೀರಿದ್ದ ಸ್ಥಳದಲ್ಲಿಯೇ ವಾಸಮಾಡುತ್ತಿದ್ದನು.

ನೀರನ್ನು ತಂದವರು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರು ದೊಡ್ಡ ಪಟ್ಟಣವಾಯಿತು. ೧೮೯೧ರ ಜನಗಣತಿಯಲ್ಲಿ ಪೇಟೆ ದಂಡುಗಳೆರಡೂ ಸೇರಿ ಸುಮಾರು ೧ ಲಕ್ಷ ೮೦ ಸಾವಿರ ಜನರಿದ್ದರು. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳೂ ಬಾವಿ ಕಲ್ಯಾಣಿಗಳೂ ಅಷ್ಟು ಜನಕ್ಕೆ ಸಾಲದಾದುವು. ಇದ್ದ ನೀರು ಕೂಡ ಹೊಲಸಾಗತೊಡಗಿತು. ಆಗ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರು ದೂರದಿಂದ ನೀರನ್ನು ತರುವ ಯೋಜನೆಯನ್ನು ಕೈಗೊಂಡರು. ಅದರ ಫಲವಾಗಿ ೧೮೯೪ರಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯವು ಸಿದ್ಧವಾಯಿತು. ಈ ನಿರ್ಮಾಣಕ್ಕೆ ಶ್ರೀಮನ್ಮಹಾರಾಜ ಚಾಮರಾಜೇಂದ್ರ ಒಡೆಯರವರ ಹೆಸರನ್ನಿಡಲಾಯಿತು. ಹೆಸರಘಟ್ಟದ ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಯವರೆಗೆ ತಾನಾಗಿಯೇ ಹರಿದು, ಅಲ್ಲಿ ಉಗಿಯಂತ್ರಗಳಿಂದ ಮೇಲೆತ್ತಲ್ಪಟ್ಟು, ಮುಂದೆ ಕೊಳವೆಗಳಲ್ಲಿ ಮಲ್ಲೇಶ್ವರದ ಕಡೆಗೆ ಇಳಿದು ಬರುತ್ತಿದ್ದಿತು. ಪಟ್ಟಣದ ಜನರು ಬೀದಿಯ ನಲ್ಲಿಯನ್ನು ತಿರುಗಿಸಿ ಕೊಡವನ್ನು ತುಂಬಿಕೊಂಡ ಆ ದಿನದಿಂದ ಬೆಂಗಳೂರಿನ ಬಾಳು ಬೇರೆಯಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಮೂವತ್ತು ವರ್ಷಗಳು ಕಳೆಯುವಷ್ಟರಲ್ಲಿ ಮಳೆಯು ತಪ್ಪಿತು. ೧೯೨೫ರಲ್ಲಿ ಹೆಸರಘಟ್ಟವು ಬತ್ತಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯ ಸಲಹೆಯಂತೆ, ಅರ್ಕಾವತಿ ಕುಮುದ್ವತಿಗಳ ಸಂಗಮದಲ್ಲಿ, ತಿಪ್ಪಗೊಂಡನಹಳ್ಳಿಯ ಬಳಿ, ಹೆಚ್ಚು ದೊಡ್ಡದಾದ ಅಣೆಕಟ್ಟನ್ನು ಕಟ್ಟಲು ನಿಶ್ಚಯವಾಯಿತು. ೧೯೩೩ರಲ್ಲಿ ಅದು ಪೂರ್ತಿಯಾಗಿ ಚಾಮರಾಜಸಾಗರವೆಂಬ ಹೆಸರನ್ನು ಪಡೆಯಿತು. ಸುಮಾರು ೧,೪೫೦ ಚದರ ಕಿಲೋಮೀಟರುಗಳ ಸೀಮೆಯ ನೀರು ಅದಕ್ಕೆ ಬರತಕ್ಕದ್ದು. ಅದೇ ೧೯೩೩ರಲ್ಲಿ ಅಮೆರಿಕದೇಶದಲ್ಲಿ ಟೆನೆಸೀ ನದಿಗಾಗಿ ಒಂದು ಪ್ರಾಧಿಕಾರವು ಸ್ಥಾಪಿತವಾಯಿತು. ಅಣೆಕಟ್ಟು, ವಿದ್ಯುಚ್ಛಕ್ತಿ, ಪ್ರವಾಹನಿವಾರಣೆ, ಅರಣ್ಯ, ಮಣ್ಣಿನ ರಕ್ಷಣೆ, ರೈತರ ಬೇಸಾಯ ಇವೆಲ್ಲವನ್ನೂ ಒಂದೇ ಕಣಿವೆಯ ಕೆಲಸವೆಂದು ಭಾವಿಸಿ ಒಂದೇ ಕೈಗೆ ಒಪ್ಪಿಸಿದ ಪ್ರಯೋಗವದು. ಅದರಲ್ಲಿಯೂ ದೋಷಗಳಿದ್ದುವು; ಸಾವಿರಾರು ಕುಟುಂಬಗಳು ನೆಲೆ ತಪ್ಪಿದುವು. ಆದರೆ ನದಿಯನ್ನು ಅದರ ಕಣಿವೆಯಿಂದ ಬೇರ್ಪಡಿಸಿ ನೋಡಲಾಗದೆಂಬ ತತ್ತ್ವವು ಅಲ್ಲಿಂದ ಲೋಕಕ್ಕೆಲ್ಲ ಹರಡಿತು. ಸ್ವತಂತ್ರ ಭಾರತದಲ್ಲಿ ೧೯೪೮ರ ದಾಮೋದರ ಕಣಿವೆಯ ನಿಗಮವು ಅದೇ ಮಾದರಿಯಲ್ಲಿ ಹುಟ್ಟಿತು.

ಅರ್ಕಾವತಿಗೆ ಇಂತಹ ಭಾಗ್ಯವು ಒದಗಲಿಲ್ಲ. ಇಂಜಿನಿಯರುಗಳು ನದಿಗೆ ಕೇಳಿದ ಪ್ರಶ್ನೆಯು ಒಂದೇ: ನೀನು ಎಷ್ಟು ನೀರನ್ನು ಕೊಡಬಲ್ಲೆ? ಆ ಪ್ರಶ್ನೆಗೆ ಅವರು ಬಹು ನಿಷ್ಠೆಯಿಂದ ಉತ್ತರವನ್ನು ಕಂಡುಕೊಂಡರು. ಅವರ ಕಟ್ಟಡಗಳು ಇಂದಿಗೂ ನಿಂತಿವೆ. ಆದರೆ ನೀರು ಬರುವ ಮೇಲಿನ ನೂರಾರು ಹಳ್ಳಿಗಳಲ್ಲಿ ಏನು ನಡೆಯುತ್ತಿದೆ ಎಂದು ನೋಡತಕ್ಕವರನ್ನು ಯಾರೂ ನೇಮಿಸಲಿಲ್ಲ. ಇತ್ತ ಕೊಳವೆಯ ನೀರು ಬಂದ ಮೇಲೆ ಪಟ್ಟಣದ ಕೆರೆಗಳಿಗೆ ದಿಕ್ಕಿಲ್ಲದಂತಾಯಿತು. ಧರ್ಮಾಂಬುಧಿಯ ಅಂಗಳವು ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿಯ ಕೆರೆಯು ಆಟದ ಮೈದಾನವಾಯಿತು. ನೀರುಗಂಟಿಯ ಉದ್ಯೋಗವು ಒಂದೊಂದೇ ಗ್ರಾಮದಲ್ಲಿ ನಿಂತುಹೋಗಿ, ಅವನ ವಿದ್ಯೆಯೂ ಅವನೊಡನೆಯೇ ಹೋಯಿತು.

ನದಿಯ ಕ್ಷಯ

೧೯೬೪ರಲ್ಲಿ ಬೆಂಗಳೂರಿಗೆ ಪ್ರತ್ಯೇಕವಾದ ಜಲಮಂಡಲಿಯು ಏರ್ಪಟ್ಟಿತು. ೧೯೭೪ರಲ್ಲಿ ಕಾವೇರಿಯ ನೀರು, ಸುಮಾರು ೧೦೦ ಕಿಲೋಮೀಟರು ದೂರದಿಂದ, ಕೆಲವು ನೂರು ಮೀಟರುಗಳ ಎತ್ತರಕ್ಕೆ ಯಂತ್ರಗಳಿಂದ ಏರಿಸಲ್ಪಟ್ಟು ನಗರಕ್ಕೆ ಬಂದಿತು. ಕಾವೇರಿಯು ಬಂದ ಕಾಲಕ್ಕೂ ಅರ್ಕಾವತಿಯು ಬಡವಾಗತೊಡಗಿದ ಕಾಲಕ್ಕೂ ಹೆಚ್ಚು ಅಂತರವಿಲ್ಲ. ೧೯೭೦ರ ದಶಕದಿಂದೀಚೆಗೆ ತಿಪ್ಪಗೊಂಡನಹಳ್ಳಿಗೆ ಬರುವ ನೀರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತ ಬಂದಿತು. ಹೆಸರಘಟ್ಟವು ತುಂಬುವುದು ಅಪರೂಪದ ವಾರ್ತೆಯಾಯಿತು. ಕಟ್ಟಕಡೆಗೆ ೨೦೧೨ರ ಸುಮಾರಿಗೆ ಚಾಮರಾಜಸಾಗರದಿಂದ ನಗರಕ್ಕೆ ಕುಡಿಯುವ ನೀರನ್ನು ತೆಗೆಯುವುದೇ ನಿಂತಿತು. ನಲ್ಲಿಯಲ್ಲಿ ಬೇರೊಂದು ನದಿಯ ನೀರು ಬರುತ್ತಿದ್ದುದರಿಂದ ಈ ನದಿಯ ಮರಣವು ನಗರದವರ ಗಮನಕ್ಕೆ ಬರಲಿಲ್ಲ.

ಪೀಣ್ಯ ಬಾಗಲಗುಂಟೆಗಳ ಕಡೆ ಬೇರೊಂದು ವಿಧದ ವಿಪತ್ತು ಬಂದೊದಗಿತು. ೧೯೭೦ರ ದಶಕದ ಕೊನೆಯಲ್ಲಿ ಪೀಣ್ಯದಲ್ಲಿ ಕೈಗಾರಿಕೆಗಳು ನೆಲೆಸಿದುವು. ಲೋಹಗಳಿಗೆ ಮೆರುಗು ಕೊಡುವ ಲೇಪನದ ಕೆಲಸದಲ್ಲಿ ಕ್ರೋಮಿಯಂ ಬಳಕೆಯಾಗುವುದು. ಅದರ ಕಲ್ಮಷವು ನೆಲಕ್ಕಿಳಿದು ಅಲ್ಲಿಯ ಅಂತರ್ಜಲದಲ್ಲಿ ಬೆರೆತಿರುವುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಒಂದು ಕಡೆ ನದಿಯಲ್ಲಿ ನೀರಿಲ್ಲ. ಮತ್ತೊಂದು ಕಡೆ ಇರುವ ನೀರು ಕುಡಿಯುವಂತಿಲ್ಲ. ವೃಷಭಾವತಿಯು ನಗರದ ಕೊಳಚೆಯಿಂದ ವರ್ಷವೆಲ್ಲ ತುಂಬಿ ಹರಿಯುತ್ತಿರುವಾಗ ಅರ್ಕಾವತಿಯ ಮೇಲ್ಭಾಗವು ಬರಿದಾಗಿರುವುದು ಈ ಸೀಮೆಯ ದುರ್ದೈವದ ವಿಚಿತ್ರವೆನ್ನಬೇಕು. ಕಾವೇರಿಯ ನೀರೇ ಮನೆಗಳನ್ನು ಹಾದು, ಕೊಳಚೆಯಾಗಿ, ವೃಷಭಾವತಿಯೆಂಬ ಹೆಸರಿನಿಂದ ಮತ್ತೆ ಕಾವೇರಿಗೆ ಹೋಗುತ್ತಿದೆ.

ಕಾರಣವನ್ನು ಕೇಳಿದವರು

ನದಿಯನ್ನು ಅದರ ಅರಣ್ಯ, ಮಣ್ಣು, ಜನರೊಡನೆ ಸೇರಿಸಿ ಅಭ್ಯಾಸಮಾಡುವ ವಿದ್ಯಾವೃತ್ತಿಯು ಬೆಂಗಳೂರಿನಲ್ಲಿ ಬೇರುಬಿಟ್ಟುದು ತಡವಾಗಿ. ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೮೩ರಲ್ಲಿ ಆಚಾರ್ಯ ಮಾಧವ ಗಾಡ್ಗೀಳರ ಪ್ರಯತ್ನದಿಂದ ಪರಿಸರವಿಜ್ಞಾನದ ಕೇಂದ್ರವು ಆರಂಭವಾಯಿತು. ಅಲ್ಲಿ ಡಾಕ್ಟರ್ ಟಿ. ವಿ. ರಾಮಚಂದ್ರರವರು ಜೌಗುಭೂಮಿಗಳನ್ನೂ ಕೆರೆಗಳನ್ನೂ ಕುರಿತು ದೀರ್ಘಕಾಲ ಪರಿಶೋಧನೆ ನಡೆಸಿದರು. ಉಪಗ್ರಹಗಳ ಚಿತ್ರಗಳನ್ನು ಹೋಲಿಸಿ, ೧೯೭೩ರಿಂದ ಮುಂದಿನ ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಕಟ್ಟಡಗಳ ವಿಸ್ತಾರವು ಶೇಕಡ ೫೮೪ರಷ್ಟು ಬೆಳೆದು, ಹಸುರು ಶೇಕಡ ೬೬ರಷ್ಟೂ ಜಲಪ್ರದೇಶಗಳು ಶೇಕಡ ೭೪ರಷ್ಟೂ ಕುಗ್ಗಿದುವೆಂದು ಅವರೂ ಅವರ ಸಹಾಯಕರೂ ಲೆಕ್ಕಹಾಕಿದರು. ಶರಾವತಿಯ ಕೊಳ್ಳದಲ್ಲಿ ಅವರು ಮಾಡಿದ ಅಭ್ಯಾಸವು ಇನ್ನೂ ಬೋಧಪ್ರದವಾದುದು. ನೆಲದ ಸಹಜವಾದ ಕಾಡು ನೂರಕ್ಕೆ ಅರುವತ್ತಕ್ಕೂ ಹೆಚ್ಚಾಗಿ ಉಳಿದಿರುವ ಕಡೆ ಹಳ್ಳಗಳು ಹನ್ನೆರಡು ತಿಂಗಳೂ ಹರಿಯುತ್ತವೆ. ಕಾಡು ಹೋಗಿ ಒಂದೇ ಜಾತಿಯ ನೆಡುತೋಪುಗಳಾದ ಕಡೆ ಮಳೆಗಾಲದ ಹಿಂದೆಯೇ ಹಳ್ಳವೂ ನಿಲ್ಲುತ್ತದೆ. ನದಿಯ ಆಯುಸ್ಸು ಪಾತ್ರದಲ್ಲಿಲ್ಲ, ದಡದಾಚೆಯ ನೆಲದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಅರ್ಕಾವತಿಯು ಏಕೆ ಒಣಗಿತು ಎಂಬ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡವರಲ್ಲಿ ಡಾಕ್ಟರ್ ವೀಣಾ ಶ್ರೀನಿವಾಸನ್ ಎಂಬವರು ಮುಖ್ಯರು. ಅವರ ವಿದ್ಯಾಜೀವನದ ಗತಿಯೇ ಈ ಶಾಸ್ತ್ರದ ಸ್ವಭಾವವನ್ನು ತಿಳಿಸುವಂತಿದೆ. ಮುಂಬಯಿಯ ಐ.ಐ.ಟಿ.ಯಲ್ಲಿ ಭೌತವಿಜ್ಞಾನಕ್ಕೆ ಸಂಬಂಧಿಸಿದ ಇಂಜಿನಿಯರಿಂಗನ್ನು ಓದಿದ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟನ್ನು ಪಡೆದರು. ಅವರ ಪ್ರಬಂಧದ ವಿಷಯವು ಚೆನ್ನೈ ನಗರದ ನೀರು. ೨೦೦೩-೦೪ರ ಕ್ಷಾಮದಲ್ಲಿ ಆ ನಗರದ ಕೊಳವೆಗಳು ಬಹುಮಟ್ಟಿಗೆ ಒಣಗಿದಾಗ ಜನರು ಮನೆಯ ಬಾವಿಗಳನ್ನೂ ಟ್ಯಾಂಕರುಗಳನ್ನೂ ಅವಲಂಬಿಸಿದರು. ನಲ್ಲಿ, ಬಾವಿ, ಟ್ಯಾಂಕರುಗಳು ಬೇರೆಬೇರೆಯಾಗಿ ತೋರಿದರೂ ನೆಲದೊಳಗಿನ ಒಂದೇ ನೀರಿನಿಂದ ಅವು ಪರಸ್ಪರ ಕಟ್ಟಲ್ಪಟ್ಟಿವೆಯೆಂಬುದನ್ನು ಅವರು ಗಣಿತದ ಮಾದರಿಯಿಂದ ತೋರಿಸಿದರು. ತರುವಾಯ ಅವರು ಬೆಂಗಳೂರಿನಲ್ಲಿ ೧೯೯೬ರಲ್ಲಿ ಸ್ಥಾಪಿತವಾಗಿದ್ದ ಏಟ್ರೀ ಎಂಬ ಪರಿಸರ ಸಂಶೋಧನ ಸಂಸ್ಥೆಯನ್ನು ಸೇರಿ, ಶರಚ್ಚಂದ್ರ ಲೇಲೆ ಮೊದಲಾದ ವಿದ್ವಾಂಸರೊಡನೆ ಅರ್ಕಾವತಿಯ ಕೊಳ್ಳದಲ್ಲಿ ಕೆಲಸವನ್ನಾರಂಭಿಸಿದರು. ಅವರ ಪ್ರಬಂಧವು ೨೦೧೫ರಲ್ಲಿ ಯೂರೋಪಿನ ಜಲವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಈ ಪ್ರಬಂಧದ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ಒಂದು ಕಾರ್ಯಕ್ಕೆ ತೋರಿದ ಮೊದಲ ಕಾರಣವನ್ನೇ ಹಿಡಿದು ಅದನ್ನೇ ಸಮರ್ಥಿಸುತ್ತ ಹೋಗುವುದು ಪಂಡಿತರಿಗೂ ತಪ್ಪದ ದೌರ್ಬಲ್ಯ. ಅದನ್ನು ನಿವಾರಿಸಲು ಸಂಭವನೀಯವಾದ ಎಲ್ಲ ಕಾರಣಗಳನ್ನೂ ಒಟ್ಟಿಗೆ ಮುಂದಿಟ್ಟುಕೊಂಡು ಒಂದೊಂದನ್ನೂ ಪರೀಕ್ಷಿಸಬೇಕೆಂದು ಅಮೆರಿಕದ ಭೂವಿಜ್ಞಾನಿ ಚೇಂಬರ್ಲಿನ್ ೧೮೯೦ರಲ್ಲಿಯೇ ಉಪದೇಶಿಸಿದ್ದನು. ನ್ಯಾಯ ಮೀಮಾಂಸಾ ಶಾಸ್ತ್ರಗಳನ್ನು ಓದಿದವರಿಗೆ ಇದು ಪರಿಚಿತವಾದ ಕ್ರಮವೇ ಸರಿ. ಪೂರ್ವಪಕ್ಷಗಳನ್ನೆಲ್ಲ ಅವುಗಳ ಪೂರ್ಣಬಲದೊಡನೆ ಮಂಡಿಸಿ, ಅನ್ವಯ ವ್ಯತಿರೇಕಗಳಿಂದ ಶೋಧಿಸಿದ ಮೇಲೆ ಉಳಿದುದೇ ಸಿದ್ಧಾಂತವೆನಿಸುವುದು.

ಅರ್ಕಾವತಿಯ ವಿಷಯದಲ್ಲಿ ಪೂರ್ವಪಕ್ಷಗಳು ಐದು. ಮಳೆಯು ಕಡಮೆಯಾಗಿದೆ ಎಂಬುದು ಮೊದಲನೆಯದು. ಊರಿನ ಹಿರಿಯರು ಸಾಮಾನ್ಯವಾಗಿ ಹೇಳುವುದೂ ಇದನ್ನೇ. ಆದರೆ ಮಳೆಯ ದಾಖಲೆಗಳನ್ನು ಪರಿಶೀಲಿಸಿದಾಗ, ನದಿಯ ಹರಿವು ಕುಗ್ಗಿದ ಪ್ರಮಾಣಕ್ಕೆ ತಕ್ಕಂತೆ ಮಳೆಯು ಕುಗ್ಗಿಲ್ಲವೆಂದು ಗೊತ್ತಾಯಿತು. ಶಾಖವು ಹೆಚ್ಚಿ ನೀರು ಆವಿಯಾಗಿದೆ ಎಂಬುದು ಎರಡನೆಯದು. ಅದೂ ಇಷ್ಟು ದೊಡ್ಡ ನಷ್ಟಕ್ಕೆ ಸಾಲದೆಂದು ತೋರಿತು. ಹೀಗೆ ಆಕಾಶದ ಮೇಲೆ ಹೊರಿಸಿದ ಎರಡು ಆರೋಪಗಳೂ ಬಿದ್ದುಹೋದುವು. ಉಳಿದ ಮೂರೂ ಮನುಷ್ಯರ ಕೃತ್ಯಗಳೇ. ನೀರಾವರಿಗಾಗಿ ಕೊಳವೆಬಾವಿಗಳನ್ನು ಆಳವಾಗಿ ಕೊರೆದು ಅಂತರ್ಜಲವನ್ನು ಎತ್ತಿದುದು ಒಂದು. ಹಿಂದೆ ನೆಲದ ನೀರಿನ ಮಟ್ಟವು ಹಳ್ಳದ ಪಾತ್ರಕ್ಕಿಂತ ಮೇಲಿದ್ದಾಗ ಮಳೆ ನಿಂತ ಮೇಲೂ ಒರತೆಯು ಹಳ್ಳವನ್ನು ಪೋಷಿಸುತ್ತಿದ್ದಿತು. ಮಟ್ಟವು ಕೆಳಗಿಳಿದ ಬಳಿಕ ಒರತೆಯು ನಿಂತು, ಹರಿದು ಬಂದ ನೀರು ಕೂಡ ನೆಲದೊಳಕ್ಕೆ ಇಂಗಿಹೋಗತೊಡಗಿತು. ನೀಲಗಿರಿಯ ತೋಪುಗಳು ಹಬ್ಬಿದುದು ಮತ್ತೊಂದು. ರಾಗಿ ಬೆಳೆಯುತ್ತಿದ್ದ ಹೊಲದ ಒಡೆಯನು ಪಟ್ಟಣದಲ್ಲಿ ಕೆಲಸ ಹಿಡಿದು, ಆಳಿನ ಗೋಜಿಲ್ಲವೆಂದು ನೀಲಗಿರಿಯನ್ನು ನೆಟ್ಟನು. ಅದರ ಬೇರುಗಳು ಆಳಕ್ಕಿಳಿದು ವರ್ಷವೆಲ್ಲ ನೀರನ್ನು ಹೀರುವುವು. ಈ ಮರವನ್ನು ನಾಡಿಗೆ ತಂದು ನಂದಿಬೆಟ್ಟದ ತೋಟದಲ್ಲಿ ಮೊದಲು ನೆಡಿಸಿದವನು ಟೀಪೂ ಸುಲ್ತಾನನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ನದಿಯ ಉಗಮವೂ ಅದರ ಶತ್ರುವಿನ ಪ್ರವೇಶವೂ ಒಂದೇ ಬೆಟ್ಟದಲ್ಲಿ ಆದುವು! ಹಳ್ಳಗಳಿಗೆ ಅಡ್ಡವಾಗಿ ಒಡ್ಡುಗಳನ್ನು ಹಾಕಿ ಪಾತ್ರವನ್ನು ತುಂಡುಮಾಡಿದುದು ಕೊನೆಯದು. ಇದರ ಪಾಲು ಮಾತ್ರ ಮೇಲಿನ ಎರಡಕ್ಕಿಂತ ಕಡಮೆಯೆಂದು ಪರಿಶೋಧಕರು ಕಂಡರು.

ಈ ಸಿದ್ಧಾಂತದಲ್ಲಿ ಒಂದು ನೋವಿನ ಅಂಶವಿದೆ. ದುಷ್ಟನೆಂದು ಬೆರಳು ತೋರಿಸಲು ಒಬ್ಬನೂ ಸಿಕ್ಕುವುದಿಲ್ಲ. ಬಾವಿ ಕೊರೆಸಿದ ರೈತನು ಮಕ್ಕಳ ಹೊಟ್ಟೆಗಾಗಿ ಕೊರೆಸಿದನು. ನೀಲಗಿರಿಯನ್ನು ನೆಡಲು ಸಾಮಾಜಿಕ ಅರಣ್ಯದ ಯೋಜನೆಗಳೇ ಪ್ರೋತ್ಸಾಹವಿತ್ತುವು. ಒಡ್ಡು ಹಾಕಿದವರು ನೀರನ್ನು ಉಳಿಸುವ ಸದುದ್ದೇಶದಿಂದಲೇ ಹಾಕಿದರು. ಪ್ರತಿಯೊಬ್ಬನ ವಿವೇಕವೂ ಸೇರಿ ನದಿಯ ನಾಶವಾಯಿತು. ಎಲ್ಲವನ್ನೂ ಒಟ್ಟಿಗೆ ನೋಡಬೇಕಾದ ಸ್ಥಾನದಲ್ಲಿ ಮಾತ್ರ ಯಾರೂ ಇರಲಿಲ್ಲ.

ತಿಳಿವೂ ಆಡಳಿತವೂ

ಸರ್ಕಾರವು ಕೈಕಟ್ಟಿ ಕುಳಿತಿದ್ದಿತೆಂದು ಹೇಳಲಾಗದು. ೨೦೦೩ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯಕ್ಕೂ ನದಿಯ ದಡಕ್ಕೂ ಹತ್ತಿರವಾದ ಕಡೆ ಕಟ್ಟಡ ಕೈಗಾರಿಕೆಗಳನ್ನು ನಿರ್ಬಂಧಿಸುವ ಆಜ್ಞೆಯು ಹೊರಟಿತು. ೨೦೧೧ರಲ್ಲಿ ಅಂತರ್ಜಲದ ಬಳಕೆಯನ್ನು ಹತೋಟಿಗೆ ತರುವ ಕಾನೂನು ಬಂದಿತು. ೨೦೧೭ರಲ್ಲಿ ಹೊಸದಾಗಿ ನೀಲಗಿರಿಯನ್ನು ನೆಡುವುದು ನಿಷಿದ್ಧವಾಯಿತು. ಪರಿಸರಯೋಜನೆಯೆಂದರೆ ಇಂತಹ ಆಜ್ಞೆಗಳ ಸಮುದಾಯವೇ. ಆದರೆ ಭೂಮಿಯ ಬೆಲೆ ಏರಿದಂತೆಲ್ಲ ವಲಯಗಳ ನಿರ್ಬಂಧವನ್ನು ಸಡಿಲಿಸಬೇಕೆಂಬ ಒತ್ತಾಯವೂ ಏರಿತು, ಮತ್ತು ಆಜ್ಞೆಯು ಮುಂದೆ ಸಡಿಲಿಸಲ್ಪಟ್ಟಿತು. ಅಲ್ಲದೆ ಕೆರೆ ಒಂದು ಇಲಾಖೆಯದು, ಅಂತರ್ಜಲ ಮತ್ತೊಂದರದು, ತೋಪು ಅರಣ್ಯದವರದು, ಕೊಳಚೆ ಜಲಮಂಡಲಿಯದು. ಮಳೆಹನಿಯು ಬಿದ್ದಲ್ಲಿಂದ ಸಂಗಮವನ್ನು ಸೇರುವುದರೊಳಗೆ ಹಲವು ಕಛೇರಿಗಳ ಎಲ್ಲೆಗಳನ್ನು ದಾಟಬೇಕು. ವಿದ್ವಾಂಸರು ನದಿಯನ್ನು ಒಂದಾಗಿ ಓದಿದರೂ ಆಳುವವರು ಅದನ್ನು ಹಾಳೆಹಾಳೆಯಾಗಿ ಹಂಚಿಕೊಂಡಿರುವರು.

ಈ ವಿಭಾಗದ ಫಲವು ೨೦೨೪ರ ಬೇಸಗೆಯಲ್ಲಿ ಎಲ್ಲರಿಗೂ ಗೋಚರವಾಯಿತು. ನಗರದ ಸುಮಾರು ೧೪,೦೦೦ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದುವೆಂದು ಸರ್ಕಾರವೇ ತಿಳಿಸಿತು. ಕಾವೇರಿಯ ಕೊಳವೆಯು ಇನ್ನೂ ಮುಟ್ಟದಿದ್ದ ಹೊರವಲಯದ ಬಡಾವಣೆಗಳಲ್ಲಿ ಜನರು ಕೊಡಗಳನ್ನಿಟ್ಟುಕೊಂಡು ಟ್ಯಾಂಕರಿನ ದಾರಿ ಕಾಯ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಆರಂಭವಾಗಿ ದಿನಕ್ಕೆ ೭೭೫ ದಶಲಕ್ಷ ಲೀಟರು ನೀರು ಹೆಚ್ಚಾಗಿ ಬರುವಂತಾಯಿತು. ಇದು ಸಂತೋಷದ ಸಂಗತಿಯೇ. ಆದರೆ ೧೮೯೪ರಲ್ಲಿ ಹೆಸರಘಟ್ಟವೂ, ೧೯೩೩ರಲ್ಲಿ ಚಾಮರಾಜಸಾಗರವೂ, ೧೯೭೪ರಲ್ಲಿ ಕಾವೇರಿಯೂ ಇದೇ ಬಗೆಯ ಸಂತೋಷವನ್ನು ತಂದಿದ್ದುವೆಂಬುದನ್ನು ಚರಿತ್ರೆಯು ನೆನಪಿಸುವುದು. ಪ್ರತಿಸಲವೂ ನಗರವು ಹೆಚ್ಚು ದೂರಕ್ಕೆ ಕೈಚಾಚಿತು. ಪ್ರತಿಸಲವೂ ಹತ್ತಿರವಿದ್ದ ನೀರನ್ನು ಕೈಬಿಟ್ಟಿತು.

ಆದುದರಿಂದ ನದೀವಿದ್ಯೆಯನ್ನು ಕಲಿತವರಿಗೆ ವಿಶ್ವವಿದ್ಯಾನಿಲಯದಲ್ಲಿ ಪೀಠಗಳಿದ್ದರೆ ಮಾತ್ರ ಸಾಲದು. ನೀರುಗಂಟಿಗೆ ಗ್ರಾಮದಲ್ಲಿ ಇದ್ದಂತೆ ಅವರಿಗೂ ಆಡಳಿತದಲ್ಲಿ ಒಂದು ಸ್ಥಾನವಿರಬೇಕು. ಅವರ ಲೆಕ್ಕವು ಊರಿನ ಶಾಲೆಗೂ ಪಂಚಾಯಿತಿಗೂ ಕನ್ನಡದಲ್ಲಿ ತಲುಪಬೇಕು. ನೀರುಗಂಟಿಯು ತೂಬಿನ ಬಳಿ ನಿಂತು ತಿಳಿದುದನ್ನೇ ಇಂದಿನ ಪರಿಶೋಧಕರು ಯಂತ್ರಗಳಿಂದಲೂ ಗಣಿತದಿಂದಲೂ, ಅವನು ಕಾಣಲಾರದಿದ್ದಷ್ಟು ವಿಸ್ತಾರವಾಗಿ, ತಿಳಿದುಕೊಂಡಿದ್ದಾರೆ. ವ್ಯತ್ಯಾಸವಿಷ್ಟೆ: ಅವನ ಮಾತಿನಂತೆ ತೂಬು ಏಳುತ್ತಿದ್ದಿತು, ಇಳಿಯುತ್ತಿದ್ದಿತು. ಬಾಗಲಗುಂಟೆಯ ಮಕ್ಕಳು ತಮ್ಮ ಊರಿನ ಹೆಸರಿನ ಸಂಧಿಯನ್ನು ಬಿಡಿಸಿದಾಗ, ಆ ಕುಂಟೆಯು ಎಲ್ಲಿದ್ದಿತು, ಅದರ ನೀರು ಯಾವ ಹಳ್ಳವನ್ನು ಸೇರುತ್ತಿದ್ದಿತು ಎಂದು ಗುರುಗಳನ್ನು ಕೇಳುವಂತಾಗಲಿ. ಅರ್ಕಾವತಿಯು ಮತ್ತೆ ಹರಿಯುವ ದಿನವು ಬರುವುದಾದರೆ ಆ ಪ್ರಶ್ನೆಯಿಂದಲೇ ಬರಬೇಕು.